ಪುಟ್ಟಸ್ವಾಮಿಯ ಹಾಜರಿ

ಕಳೆದ ಮಂಗಳವಾರ ಬೆಳಿಗ್ಗೆ ಶಿವಾಜಿನಗರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹೋಗುತ್ತಿದ್ದಾಗ ಒದ್ದೆ ಉಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಹಳೆಯ ಸ್ವೆಟರು, ಕೋಟುಗಳನ್ನು ಗುಡ್ಡೆ ಹಾಕಿಕೊಂಡು ಮಾರುವವನೊಬ್ಬ ಹಿಂದಿನ ದಿನದ ಅಕಾಲ ಮಳೆಗೆ ನೆನೆದ ಸರಕನ್ನು ಫುಟ್‌ಪಾತಿನ ಕಂಬಿಯ ಮೇಲೆ ಒಣಹಾಕಿದ್ದ. ಆ ಕಡೆ ಓಡಾಡಿದವರಿಗೆ ಅಲ್ಲಿಯ ವಾಸನೆಗಳು ಗೊತ್ತೇ ಇರುತ್ತವೆ. ಮಾಂಸ, ಅತ್ತರು, ಡೀಸೆಲ್ಲು, ಸಮೋಸ ಕರಿಯುವ ಎಣ್ಣೆ ಎಲ್ಲವೂ ಒಂದರ ಮೇಲೊಂದು ಬಿದ್ದು ಹೊರಳಾಡುತ್ತಿರುತ್ತವೆ. ಅವೆಲ್ಲವನ್ನೂ ದಾಟಿಕೊಂಡು ಈ ಒಂದು ವಾಸನೆ ಮಾತ್ರ ನನ್ನನ್ನೇ ಹುಡುಕಿಕೊಂಡು ಬಂತು. ನಾನು ನಡುಬೀದಿಯಲ್ಲಿ ನಿಂತುಬಿಟ್ಟೆ. ಅರವತ್ತೇಳರ ಮುದುಕ ಹಾಗೆ ನಿಂತರೆ ಹಿಂದಿನಿಂದ ಬರುವವರು ಸುಮ್ಮನಿರುತ್ತಾರೆಯೇ? ಕೈಗಾಡಿಯವನೊಬ್ಬ ಗದರಿಸಿದ.

‘ಅಜೀ ಚಾಚಾ, ದೋನೋ ಬಾಜೂ ಹೋ ಜಾವ್ ನಾ!’

ದೋನೋ. ಇಬ್ಬರೂ ಪಕ್ಕಕ್ಕೆ ಸರಿಯಿರಿ ಎಂದು ಅವನು ಹೇಳಿದ್ದು. ಸುತ್ತಮುತ್ತ ನೋಡಿದೆ. ನಾನು ಒಬ್ಬನೇ ಇದ್ದೆ.

ನಿಮಗೆ ನಗು ಬರಬಹುದು. ನನಗೂ ಮೊದಮೊದಲು ಬರುತ್ತಿತ್ತು. ಎರಡು ವರ್ಷದಿಂದ ಇದು ನಡೆಯುತ್ತಿದೆ. ಹಲಸೂರಿನ ಹೋಟೆಲಿನಲ್ಲಿ ಒಂದು ಕಾಫಿ ಕೇಳಿದರೆ ಹುಡುಗ ಬೈ ಟೂ ಮಾಡಿ ಎರಡು ಲೋಟ ತಂದಿಡುತ್ತಾನೆ. ಮರ್ಫಿ ಟೌನಿನ ಆಟೋದವನೊಬ್ಬ, ನಾನು ಹತ್ತಿ ಕುಳಿತ ಮೇಲೂ ಇನ್ಯಾರಿಗೋ ಎಂಬಂತೆ ಕನ್ನಡಿಯಲ್ಲಿ ನೋಡುತ್ತಾ ಕಾದ. ನನ್ನ ಹೆಂಡತಿ ಇದಕ್ಕೆ ಸರಳವಾದ ಉತ್ತರ ಇಟ್ಟುಕೊಂಡಿದ್ದಾಳೆ. ‘ನಿಮ್ಮ ಮುಖ ಹಾಗಾಗಿದೆ ರೀ. ಯಾರೋ ಹಿಂದೆ ಬರ್ತಿದಾರೆ ಅನ್ನೋ ಹಾಗೆ ನಿಂತ್ಕೋತೀರಿ.’ ಇರಬಹುದು. ಯಾರಾದರೂ ಹಿಂದೆ ಬರಲಿ ಎಂದು ನಾನು ಬಯಸುತ್ತಿರುವುದಂತೂ ನಿಜ.

ಆ ದಿನ ನನ್ನ ಹೆಗಲ ಚೀಲದಲ್ಲಿ ಒಂದು ಕಾಗದವಿತ್ತು. ಜಾರ್ಜಿಯಾ ದೇಶದ ಪೊಲೀಸರು ಬರೆದದ್ದು, ಅವರದೇ ಲಿಪಿಯಲ್ಲಿ, ಮೂರು ಪುಟ. ಅದು ಬಂದದ್ದು ಮಹದೇವಪುರದ ಜಯಮ್ಮನ ಮನೆಗೆ. ಜಯಮ್ಮ ನನ್ನ ಗೆಳೆಯ ಪುಟ್ಟಸ್ವಾಮಿಯ ಹೆಂಡತಿ. ಎರಡು ವರ್ಷದ ಹಿಂದೆ ಪುಟ್ಟಸ್ವಾಮಿ ಮತ್ತು ನಾನು ಒಟ್ಟಿಗೆ ಆ ದೇಶಕ್ಕೆ ಪ್ರವಾಸ ಹೋಗಿದ್ದೆವು. ನಾನು ವಾಪಸು ಬಂದೆ. ಅವನು ಬರಲಿಲ್ಲ. ಕಾಗದವನ್ನು ಓದಬಲ್ಲವರೊಬ್ಬರು ಶಿವಾಜಿನಗರದಲ್ಲಿ ಇದ್ದಾರೆಂದು ತಿಳಿದು ಅವರ ಮನೆ ಹುಡುಕಿಕೊಂಡು ಹೊರಟಿದ್ದೆ. ಆದರೆ ಅಲ್ಲಿಗೆ ಹೋಗುವ ಮೊದಲು ನಮ್ಮ ಕಾರ್ಖಾನೆಯ ವಿಷಯ ಒಂದಿಷ್ಟು ಹೇಳಬೇಕು. ತಪ್ಪಿನ ಬೇರು ಇರುವುದು ಅಲ್ಲಿ.

ನಮ್ಮದು ನಗರದ ಪೂರ್ವಕ್ಕಿದ್ದ ಸರ್ಕಾರಿ ಕಾರ್ಖಾನೆ. ಗೇಟಿನ ಒಳಗೆ ಒಂದು ದೊಡ್ಡ ಹಲಗೆ, ಹಲಗೆಯ ತುಂಬ ಮೊಳೆಗಳು, ಒಂದೊಂದು ಮೊಳೆಗೆ ಒಬ್ಬೊಬ್ಬನ ನಂಬರು ಕೊರೆದ ಹಿತ್ತಾಳೆಯ ಬಿಲ್ಲೆ. ಬೆಳಿಗ್ಗೆ ಸೈರನ್ ನಿಲ್ಲುವುದರೊಳಗೆ ನಮ್ಮ ಬಿಲ್ಲೆ ತೆಗೆದು ಪೆಟ್ಟಿಗೆಗೆ ಹಾಕಿದರೆ ಹಾಜರಿ. ನಾನು ಇಂದಿರಾನಗರದ ಪಕ್ಕದ ಕಾಲೊನಿಯವನು, ನಡೆದುಕೊಂಡೇ ಬಂದುಬಿಡುತ್ತಿದ್ದೆ. ಪುಟ್ಟಸ್ವಾಮಿ ಬರಬೇಕಾದದ್ದು ಮಹದೇವಪುರದಿಂದ. ಈಗ ಮಳೆ ಬಂದರೆ ಕ್ಯಾಬುಗಳು ತೇಲುತ್ತವಲ್ಲ, ಆ ಜಾಗದಲ್ಲಿ ಅವರ ರಾಗಿ ಹೊಲವಿತ್ತು. ಎಮ್ಮೆ ಹಾಲು ಕರೆದು, ಹೊಲದ ಕಡೆ ಒಂದು ಕಣ್ಣು ಹಾಯಿಸಿ, ಸೈಕಲ್ ತುಳಿದುಕೊಂಡು ಅವನು ಬರುವುದರೊಳಗೆ ಸೈರನ್ ಕೂಗಿ ಸುಸ್ತಾಗಿರುತ್ತಿತ್ತು. ಹಾಗಾಗಿ ಅವನ ಬಿಲ್ಲೆಯನ್ನು ನಾನೇ ಹಾಕುತ್ತಿದ್ದೆ. ಸೂಪರ್‌ವೈಸರು ಬಂದು ‘ಎಲ್ರೀ ಪುಟ್ಟಸ್ವಾಮಿ?’ ಎಂದರೆ ತಲೆ ಎತ್ತದೆ ‘ಇದ್ದಾನೆ ಸಾರ್, ಈಗ ತಾನೇ ಆ ಕಡೆ ಹೋದ’ ಎನ್ನುತ್ತಿದ್ದೆ.

ಇದನ್ನು ಕಳ್ಳತನ ಎನ್ನಬೇಡಿ. ನಮ್ಮಲ್ಲಿ ಅದಕ್ಕೆ ಸ್ನೇಹ ಎಂದು ಹೆಸರು. ನನ್ನ ಮಗಳಿಗೆ ಟೈಫಾಯಿಡ್ ಆದಾಗ ನನ್ನ ಬಿಲ್ಲೆಯನ್ನು ಅವನು ಹಾಕಿದ್ದಾನೆ, ಅದೂ ಆ ಒಂದು ವಾರ ಮಾತ್ರ ಅದು ಹೇಗೋ ಸೈರನ್ನಿಗಿಂತ ಮೊದಲೇ ಬಂದು. ಸೋಜಿಗದ ಮಾತೆಂದರೆ, ನಾನು ‘ಇದ್ದಾನೆ’ ಎಂದ ಹತ್ತು ನಿಮಿಷದೊಳಗೆ ಅವನು ಬಂದೇ ಬರುತ್ತಿದ್ದ. ಹಿಂದಿನ ಬಾಗಿಲಿನಿಂದ ನುಸುಳಿ, ಬೆವರು ಒರೆಸಿಕೊಳ್ಳುತ್ತಾ, ಏನೂ ಆಗದವನಂತೆ ನನ್ನ ಪಕ್ಕದ ಯಂತ್ರದ ಮುಂದೆ ನಿಲ್ಲುತ್ತಿದ್ದ. ಮೂವತ್ತು ವರ್ಷ ಒಂದು ಸಲವೂ ಅವನು ನನ್ನ ಮಾತು ಸುಳ್ಳು ಮಾಡಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ನನ್ನದು ಹುಟ್ಟುಗುಣವಲ್ಲ, ಕಾರ್ಖಾನೆಯ ಗುಣ. ಅದು ಸುಡುವುದೂ ಇಲ್ಲ.

ನಿವೃತ್ತರಾದ ಮೇಲೆ ಪ್ರವಾಸದ ಹುಚ್ಚು ಹತ್ತಿದ್ದು ಅವನಿಗೆ. ಕನ್ನಡದವರೇ ಕರೆದುಕೊಂಡು ಹೋಗುವ ಗುಂಪು ಪ್ರವಾಸ, ಜೊತೆಗೆ ಅಡುಗೆಯವನೂ ಇರುತ್ತಾನೆ, ಎಲ್ಲಿಗೆ ಹೋದರೂ ಅನ್ನ ಸಾರು. ನನ್ನ ಹೆಂಡತಿ ವಿಮಾನ ಹತ್ತುವುದಿಲ್ಲ. ಜಯಮ್ಮನಿಗೆ ಆಗಷ್ಟೇ ಮಂಡಿಯ ಆಪರೇಷನ್ ಆಗಿತ್ತು. ಹೀಗೆ ಇಬ್ಬರು ಮುದುಕರು ಮಂಗನ ಟೋಪಿ ಹಾಕಿಕೊಂಡು, ಅವನದು ಕಂದು, ನನ್ನದು ನೀಲಿ, ಹೊರಟೆವು. ಕೇಳಿದವರಿಗೆಲ್ಲ ‘ಜಾರ್ಜಿಯಾ, ಅಮೆರಿಕದ್ದಲ್ಲ, ರಷ್ಯಾ ಪಕ್ಕದ್ದು’ ಎಂದು ವಿವರಿಸಿ ವಿವರಿಸಿ ಬಾಯಿ ನೋವಾಗಿತ್ತು.

ಅಲ್ಲಿಯ ಅಕ್ಷರಗಳನ್ನು ನೀವು ನೋಡಬೇಕು. ದುಂಡಗೆ, ಕೊಂಬು ಸುರುಳಿ ಸಮೇತ, ನಮ್ಮ ಅಕ್ಷರದ ದೂರದ ನೆಂಟರ ಹಾಗಿವೆ. ಪುಟ್ಟಸ್ವಾಮಿಗೆ ಅದೇ ಒಂದು ಗೀಳಾಯಿತು. ಅಂಗಡಿಯ ಬೋರ್ಡು ಕಂಡರೆ ನಿಲ್ಲುವುದು, ಸಮಾಧಿಯ ಕಲ್ಲು ಕಂಡರೆ ನಿಲ್ಲುವುದು. ‘ಲೇ, ನಮ್ಮ ಅಕ್ಸರಾನೇ ಮಗುಚಿ ಹಾಕವ್ರೆ ಕಣೋ. ಇನ್ನೊಂದ್ ಗಳಿಗೆ ನೋಡಿದ್ರೆ ಓದ್ಬಿಡ್ತೀನಿ’ ಎನ್ನುತ್ತಿದ್ದ. ಗುಂಪಿನವರು ಬಸ್ಸಿನಲ್ಲಿ ಕುಳಿತು ಅವನಿಗಾಗಿ ಕಾಯುವುದು ದಿನಚರಿಯಾಯಿತು. ಟೂರ್ ಮ್ಯಾನೇಜರ್ ಶ್ವೇತಾ ಎಂಬ ಹುಡುಗಿ, ಪ್ರತಿ ಸಲ ಬಸ್ ಹೊರಡುವಾಗ ಶಾಲೆಯ ಹಾಗೆ ಹೆಸರು ಕೂಗಿ ಹಾಜರಿ ತೆಗೆದುಕೊಳ್ಳುತ್ತಿದ್ದಳು. ಆಮೇಲೆ ನಡೆದು ಬಂದು ತಲೆ ಎಣಿಸುತ್ತಿದ್ದಳು. ನಾವು ಇಪ್ಪತ್ತಾರು ಜನ.

ನಾಲ್ಕನೆಯ ದಿನ ಬೆಟ್ಟದ ಕಣಿವೆಯೊಂದರ ನೆತ್ತಿಯಲ್ಲಿ ಬಸ್ಸು ನಿಂತಿತು. ಹಳೆಯ ಇಗರ್ಜಿ, ಅದರ ಮುಂದೆ ಮೊಣಕಾಲೆತ್ತರದ ಕಲ್ಲುಗೋಡೆ, ಗೋಡೆಯ ಆಚೆಗೆ ಬರೀ ಮಂಜು. ಗೋಡೆಯ ಮೇಲೆ ಕೈಯಲ್ಲಿ ಹೆಣೆದ ಉಣ್ಣೆಯ ಕಾಲುಚೀಲ ಹರಡಿಕೊಂಡು ಒಬ್ಬಳು ಮುದುಕಿ ಕೂತಿದ್ದಳು. ಮಂಜಿಗೆ ಎಲ್ಲ ನೆನೆದು ವಾಸನೆ ಹೊಡೆಯುತ್ತಿತ್ತು. ಪುಟ್ಟಸ್ವಾಮಿ ಗೋಡೆಯ ಒಂದು ಕಲ್ಲಿನ ಮೇಲೆ ಕೆತ್ತಿದ್ದ ಬರಹವನ್ನು ಬೆರಳಿನಿಂದ ತಿದ್ದುತ್ತಿದ್ದ. ಹೊರಡುವ ಹೊತ್ತಾಯಿತು ಎಂದೆ. ‘ನೀನ್ ನಡಿ, ಬಂದ್ಬಿಟ್ಟೆ’ ಎಂದ, ಕದಲದೆ.

ತಿರುವು ರಸ್ತೆಗಳ ಭಯಕ್ಕೆ ನಾನು ವಾಂತಿಯ ಮಾತ್ರೆ ನುಂಗಿದ್ದೆ. ಅದು ನಿದ್ದೆ ತರಿಸುತ್ತದೆ. ಹಿಂದಿನ ಸೀಟಿನಲ್ಲಿ, ಕಿಟಕಿಯ ಕಡೆ ಅವನ ಚೀಲ ಮತ್ತು ಮೊಬೈಲು, ಪಕ್ಕದಲ್ಲಿ ನಾನು. ಕಣ್ಣು ಮುಚ್ಚಿತ್ತು. ಶ್ವೇತಾ ಹೆಸರು ಕೂಗುತ್ತಿರುವುದು ಎಲ್ಲೋ ದೂರದಲ್ಲಿ ಕೇಳುತ್ತಿತ್ತು.

‘ಪುಟ್ಟಸ್ವಾಮಿ ಸಾರ್?’

‘ಇದ್ದಾರೆ,’ ಎಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ್ದು ಒಂದೇ ಮಾತು. ಹತ್ತು ನಿಮಿಷದಲ್ಲಿ ಬಂದೇ ಬರುತ್ತಾನೆಂಬ ಮೂವತ್ತು ವರ್ಷದ ನಂಬಿಕೆ ಅದರ ಹಿಂದೆ ಇತ್ತು. ಬಸ್ಸಿಗೆ ಹಿಂದಿನ ಬಾಗಿಲು ಇರಲಿಲ್ಲ ಎಂಬುದನ್ನು ನಾನು ಯೋಚಿಸಲೇ ಇಲ್ಲ.

ಎಚ್ಚರವಾದದ್ದು ಎರಡು ಗಂಟೆಯ ನಂತರ, ಬೆಟ್ಟದ ಕೆಳಗೆ ನದಿಯ ದಂಡೆಯ ಊರಿನಲ್ಲಿ, ಊಟಕ್ಕೆ ನಿಂತಾಗ. ಕಿಟಕಿಯ ಸೀಟು ಖಾಲಿ. ಇಳಿದು ಹೋಗಿರಬೇಕು ಅಂದುಕೊಂಡೆ. ಊಟದ ಮೇಜಿನಲ್ಲಿ ಅವನಿರಲಿಲ್ಲ. ಶೌಚಾಲಯದಲ್ಲಿ ಇರಲಿಲ್ಲ. ಪೊಲೀಸರು ಬಂದರು. ಆಗ ಶುರುವಾಯಿತು ನೋಡಿ, ಇವತ್ತಿಗೂ ನನಗೆ ಅರ್ಥವಾಗದ ವಿಷಯ. ಶ್ವೇತಾ ಅಳುತ್ತಾ ಹೇಳಿದಳು, ತಾನು ತಲೆ ಎಣಿಸಿದ್ದೇನೆ, ಇಪ್ಪತ್ತಾರು ಇತ್ತು ಎಂದು. ಒಂದಲ್ಲ, ಎರಡು ಸಲ ಎಣಿಸಿದ್ದಳಂತೆ. ಇಂದಿರಾನಗರದ ಟೀಚರಮ್ಮ ಒಬ್ಬರು ತಾವು ಅವನಿಗೆ ಕೋಡುಬಳೆ ಕೊಟ್ಟದ್ದನ್ನೂ, ಅವನು ಹಲ್ಲು ತೋರಿಸಿ ಬೇಡವೆಂದದ್ದನ್ನೂ ಹೇಳಿದರು. ಮುಂದಿನ ಸೀಟಿನ ದಂಪತಿಗಳು ಅವನ ಗೊರಕೆ ಕೇಳಿದ್ದರು. ಡ್ರೈವರನೂ ಕನ್ನಡಿಯಲ್ಲಿ ಹಿಂದಿನ ಸೀಟಿನ ಎರಡು ಟೋಪಿಗಳನ್ನು ನೋಡಿದ್ದನಂತೆ. ಪುಟ್ಟಸ್ವಾಮಿ ಬಸ್ ಹತ್ತಲಿಲ್ಲ ಎಂದು ಗೊತ್ತಿದ್ದವನು ಆ ಇಪ್ಪತ್ತೈದು ಜನರಲ್ಲಿ ನಾನೊಬ್ಬನೇ. ಎಲ್ಲರ ಮಾತು ಕೇಳುತ್ತಾ ನನಗೇ ಅನುಮಾನ ಹುಟ್ಟಿತು.

ಅನುಮಾನ ಎಂದದ್ದು ಅರ್ಧ ನಿಜ. ಉಳಿದರ್ಧ ಭಯ. ಪೊಲೀಸರು ಆ ಊರಿನ ಸಂತೆ, ಸೇತುವೆ, ನದಿ ಎಲ್ಲವನ್ನೂ ಜಾಲಾಡಿದರು. ನೀರಿಗೆ ಮುಳುಗುಗಾರರನ್ನು ಇಳಿಸಿದರು. ನಾನು ದಂಡೆಯಲ್ಲಿ ನಿಂತು ನೋಡಿದೆ. ಒಂದು ಮಾತು ಹೇಳಿದ್ದರೆ ಅವರು ಬೆಟ್ಟದ ಮೇಲಕ್ಕೆ ಹೋಗುತ್ತಿದ್ದರು. ನಾನು ಹೇಳಿದ್ದು ಮರುದಿನ ಸಂಜೆ, ಶ್ವೇತಾಳೊಬ್ಬಳ ಹತ್ತಿರ. ಅವಳು ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ನನ್ನ ಹೆಸರೆತ್ತದೆ, ಮೇಲೆಯೂ ಒಮ್ಮೆ ಹುಡುಕಿ ಎಂದಷ್ಟೇ ಪೊಲೀಸರಿಗೆ ಹೇಳಿದಳು. ಪೊಲೀಸರು ಮೇಲೆ ಹೋದಾಗ ಗೋಡೆ ಇತ್ತು, ಮಂಜು ಇತ್ತು, ಕಾಲುಚೀಲದ ಮುದುಕಿಯೂ ಅಂಗಡಿ ಎತ್ತಿಕೊಂಡು ಎಲ್ಲಿಗೋ ಹೋಗಿದ್ದಳು.

ಅವನ ಸೂಟ್‌ಕೇಸು ಹಿಡಿದುಕೊಂಡು ಮಹದೇವಪುರಕ್ಕೆ ಹೋದೆ. ಜಯಮ್ಮ ಕೇಳಿದ್ದು ಒಂದೇ: ‘ಬಸ್ಸಲ್ಲಿ ಕೂತಾಗ ಏನ್ ಮಾತಾಡಿದ್ರು?’ ಅವನು ಬಸ್ಸಿನಲ್ಲಿ ಕೂತೇ ಇರಲಿಲ್ಲ ಎನ್ನಲು ನನ್ನ ನಾಲಿಗೆ ಏಳಲಿಲ್ಲ. ‘ನಿಮ್ಮ ಮಂಡಿ ನೋವಿನ ವಿಷ್ಯ ಮಾತಾಡ್ತಿದ್ದ’ ಎಂದೆ. ಅವರ ಮುಖ ಅರಳಿತು. ಆಮೇಲೆ ಪ್ರತಿ ಭಾನುವಾರ ಹೋದಾಗಲೂ ಅದೇ ಪ್ರಶ್ನೆ, ನನ್ನಿಂದ ಇನ್ನೊಂದಿಷ್ಟು ಹೊಸ ಮಾತು. ಅವರ ಮಗಳು ಮಂಜುಳಾ ಕೆ.ಆರ್. ಪುರದಲ್ಲಿ ಶಾಲೆಯ ಟೀಚರು, ತಾಯಿಯ ಜೊತೆಯಲ್ಲೇ ಇದ್ದಾಳೆ. ಅವಳು ರಾಯಭಾರ ಕಚೇರಿಗೆ ಪತ್ರ ಬರೆದಳು, ಫೋಟೊ ಹಂಚಿದಳು, ಆ ದೇಶದಲ್ಲಿ ಓದುವ ನಮ್ಮ ಹುಡುಗರನ್ನು ಹುಡುಕಿ ಹುಡುಕಿ ಕೇಳಿದಳು. ನಾನು ಮಾತ್ರ ಎರಡು ವರ್ಷ ಕುಳಿತು ಸತ್ತಿರಬಹುದಾದ ಗೆಳೆಯನ ಬಾಯಿಗೆ ಮಾತು ತುರುಕಿದೆ. ಈ ಬರಹದಲ್ಲಿ ನನ್ನನ್ನು ನಾನು ಎಷ್ಟೇ ಗೇಲಿ ಮಾಡಿಕೊಂಡರೂ ಅದಕ್ಕೆ ಕ್ಷಮೆ ಇಲ್ಲ ಎಂಬುದು ನನಗೆ ಗೊತ್ತು.

ಮತ್ತೆ ಶಿವಾಜಿನಗರಕ್ಕೆ ಬರೋಣ. ಕಾಗದ ಓದಬಲ್ಲ ಹುಡುಗಿಯ ಹೆಸರು ನಸ್ರೀನ್. ಜಾರ್ಜಿಯಾದಲ್ಲಿ ಆರು ವರ್ಷ ಡಾಕ್ಟರಿಕೆ ಓದಿ ಬಂದವಳು. ಮಸಾಲೆ ಅಂಗಡಿಯ ಮೇಲಿನ ಮನೆ. ಅವಳು ಬೆರಳಿಟ್ಟು ಒಂದೊಂದೇ ಸಾಲು ಓದಿ ಹೇಳುತ್ತಾ ಹೋದಳು.

‘ಅಂಕಲ್, ಇದು ಸಾಕ್ಸ್ ಮಾರೋ ಅಜ್ಜಿ ಸ್ಟೇಟ್‌ಮೆಂಟು. ಆಗ ಪೊಲೀಸ್‌ನೋರು ಮೇಲೆ ಹೋದಾಗ ಮಗಳ ಊರಿಗೆ ಹೋಗಿದ್ರಂತೆ, ಈಗ ಯಾರೋ ಹೊಸ ಆಫೀಸರ್ ಬಂದು ಕೇಳಿದಾರೆ. ಬಸ್ ಹೋದ್ಮೇಲೆ ಗೋಡೆ ಮೇಲೆ ಕೂತ್ಕೊಂಡ್ರಂತೆ. ರಸ್ತೇನೇ ನೋಡ್ಕೊಂಡು. ಕತ್ತಲಾಗೋ ತನಕ ಕೂತಿದ್ರು. ಅಜ್ಜಿ ಚರ್ಚ್ ಶೆಡ್‌ನಲ್ಲಿ ಮಲಗೋಕೆ ಜಾಗ ಕೊಟ್ರು. ಮಾರನೇ ದಿನಾನೂ ಬಂದು ಅಲ್ಲೇ ಕೂತ್ರು. ಮಧ್ಯಾಹ್ನದ ತನಕ.’

ಕಾದಿದ್ದ. ಬಸ್ಸು ತಿರುಗಿ ಬರುತ್ತದೆ, ನಾನು ಇರುವಾಗ ಏನೂ ಆಗುವುದಿಲ್ಲ ಎಂದುಕೊಂಡು ಒಂದೂವರೆ ದಿನ ಕಾದಿದ್ದ. ನಾನು ಅಷ್ಟೂ ಹೊತ್ತು ನದಿಯ ದಂಡೆಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಆ ಮಸಾಲೆಯ ಘಾಟಿಗೆ ನನಗೆ ಕೆಮ್ಮು ಹತ್ತಿತು. ನಸ್ರೀನ್ ನೀರು ತಂದುಕೊಟ್ಟು ಹೇಳಿದಳು.

‘ಇನ್ನೊಂದಿದೆ ಅಂಕಲ್. ಕೂತ್ಕೊಂಡ್ರು ಅಂದ್ನಲ್ಲ, ರೆಸ್ಪೆಕ್ಟಿಗೆ ಅಂದಿದ್ದಲ್ಲ. ಇಬ್ರು ಅಂತ ಬರ್ದಿದೆ. ಓರಿ ಅಂದ್ರೆ ಎರಡು, ನಾನು ಎರಡು ಸಲ ಓದ್ದೆ. ಇಬ್ರು ವಯಸ್ಸಾದೋರು, ಒಬ್ರದು ಬ್ರೌನ್ ಟೋಪಿ, ಒಬ್ರದು ಬ್ಲೂ. ಬ್ರೌನ್ ಟೋಪಿಯವರು ಮಾತಾಡ್ತಾನೇ ಇದ್ರಂತೆ, ಬ್ಲೂ ಟೋಪಿಯವರು ಸುಮ್ನೆ ಕೇಳ್ತಿದ್ರು. ಆಮೇಲೆ ಇಬ್ರೂ ಎದ್ದು, ಹೆಗಲ ಮೇಲೆ ಕೈ ಹಾಕ್ಕೊಂಡು ಹೋದ್ರು. ಎಲ್ಲಿಗೆ ಅಂತ ಅಜ್ಜಿ ನೋಡಿಲ್ಲ. ಪೊಲೀಸ್‌ನೋರು ಕೇಳ್ತಿದಾರೆ, ಆ ಎರಡನೇ ವ್ಯಕ್ತಿ ಯಾರು ಅಂತ ಫ್ಯಾಮಿಲಿಯವರು ತಿಳಿಸ್ಬೇಕಂತೆ.’

ನೀಲಿ ಟೋಪಿ ನನ್ನದು. ಆ ಹೊತ್ತಿಗೆ ಅದು ಬಸ್ಸಿನಲ್ಲಿ, ನಿದ್ದೆ ಹೋದ ನನ್ನ ತಲೆಯ ಮೇಲೆ ಇತ್ತು. ಹಾಗೆಂದು ನಸ್ರೀನಳಿಗೆ ಹೇಳಬೇಕೆಂದು ಬಾಯಿ ತೆರೆದೆ. ಕಂದು ಟೋಪಿಯೂ ಬಸ್ಸಿನಲ್ಲೇ ಇತ್ತು ಎಂದು ಎಲ್ಲರೂ ಹೇಳಿದ್ದು ನೆನಪಾಯಿತು, ಕಾಗದವನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡೆ.

ಅಲ್ಲಿಂದ ನೇರವಾಗಿ ಮಹದೇವಪುರಕ್ಕೆ ಹೊರಟೆ. ಮನೆಗೆ ಹೋಗಿ ಯೋಚಿಸೋಣ ಎಂದರೆ ಮತ್ತೆ ಎರಡು ವರ್ಷ ಯೋಚಿಸುತ್ತೇನೆಂದು ನನಗೆ ಗೊತ್ತು. ಮೆಟ್ರೋದಲ್ಲಿ ಸೀಟು ಸಿಕ್ಕಿತು. ಹಲಸೂರು, ಇಂದಿರಾನಗರ, ಬೈಯಪ್ಪನಹಳ್ಳಿ ದಾಟಿತು. ಜನ ಕಂಬಿ ಹಿಡಿದು ನೇತಾಡುತ್ತಿದ್ದರು. ನನ್ನ ಪಕ್ಕದ ಜಾಗ ಖಾಲಿ ಇತ್ತು, ಇಳಿಯುವ ತನಕ ಅಲ್ಲಿ ಯಾರೂ ಕೂರಲಿಲ್ಲ.

ಎರಡು ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡಿರುವ ಹೆಂಚಿನ ಮನೆ ಪುಟ್ಟಸ್ವಾಮಿಯದು. ಜಯಮ್ಮ ಜಗಲಿಯಲ್ಲಿ ಕುಳಿತು ಅವರೆಕಾಳು ಹಿಸುಕುತ್ತಿದ್ದರು. ಮಂಜುಳಾ ಶಾಲೆಗೆ ರಜೆ ಹಾಕಿ ಕಾಗದದ ಸುದ್ದಿಗಾಗಿ ಕಾಯುತ್ತಿದ್ದಳು. ನಾನು ನಿಂತುಕೊಂಡೇ ಹೇಳಿದೆ.

‘ಅವನು ಬಸ್ ಹತ್ತಲಿಲ್ಲ ಜಯಮ್ಮ. ಹಾಜರಿ ಕೂಗಿದಾಗ ಇದ್ದಾರೆ ಅಂದಿದ್ದು ನಾನು. ಗೊತ್ತಾದ್ಮೇಲೂ ಮಾರನೇ ದಿನ ಸಂಜೆ ತನಕ ಬಾಯಿ ಬಿಡ್ಲಿಲ್ಲ. ಬಸ್ಸಿನ ಮಾತು ಅಂತ ನಿಮಗೆ ಹೇಳಿದ್ದೆಲ್ಲ ನಾನೇ ಕಟ್ಟಿದ್ದು.’

ಹಾಗೆಯೇ ಕಾಗದದಲ್ಲಿದ್ದದ್ದನ್ನೂ ಹೇಳಿದೆ, ಗೋಡೆ, ಶೆಡ್ಡು, ಮರುದಿನದ ಮಧ್ಯಾಹ್ನ. ಮಂಜುಳಾಳ ಮುಖ ಕೆಂಪಾಯಿತು. ‘ಅಂಕಲ್, ಒಂದೂವರೆ ದಿನ! ಅಪ್ಪ ಅಲ್ಲೇ ಕೂತಿದ್ರು! ನೀವು ಒಂದ್ ಮಾತು ಹೇಳಿದ್ರೆ...’ ಅವಳು ಗೋಡೆಯ ಕಡೆ ತಿರುಗಿದಳು. ನಾನು ಅದಕ್ಕೆ ಸಿದ್ಧನಾಗಿಯೇ ಬಂದಿದ್ದೆ. ಜಯಮ್ಮನ ಕೈ ಮಾತ್ರ ನಿಲ್ಲಲಿಲ್ಲ. ನಾಲ್ಕು ಕಾಳು ಹಿಸುಕಿದ ಮೇಲೆ ಕೇಳಿದರು.

‘ಕಾಯ್ತಿದ್ದಾಗ ಒಬ್ರೇ ಇದ್ರಾ?’

‘ಇಲ್ಲ. ಇಬ್ರು ಇದ್ರು ಅಂತ ಬರ್ದಿದೆ.’

‘ಇನ್ನೊಬ್ರು ಯಾರು?’

ನೀಲಿ ಟೋಪಿಯ ವಿಷಯ ಹೇಳಿದೆ. ಆ ಟೋಪಿಯನ್ನು ಜಯಮ್ಮನೇ ಶಿವಾಜಿನಗರದಿಂದ ತರಿಸಿಕೊಟ್ಟಿದ್ದರು, ಅವರಿಗೆ ಗುರುತು ಹೇಳಬೇಕಾಗಿರಲಿಲ್ಲ. ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಸಿಟ್ಟು ಇರಲಿಲ್ಲ, ಸಮಾಧಾನವೂ ಇರಲಿಲ್ಲ. ಊರಿಂದ ಬಂದವರನ್ನು ದಾರಿ ಕೇಳುವವರ ನೋಟ ಅದು.

‘ಹಂಗಾರೆ ನೀವೂ ಅಲ್ಲೇ ಇದ್ರಿ,’ ಎಂದರು. ‘ಅಜ್ಜಿ ಕಂಡಿಲ್ಲ ಅಂದ್ರೆ ಏನಾತು, ಎಲ್ಲಿಗ್ ಹೋದ್ರು ಅಂತ ನಿಮಗ್ ಗೊತ್ತಿರ್ಬೇಕಲ್ಲ. ಗ್ಯಾಪ್ಕ ಮಾಡ್ಕಳಿ.’

‘ಅಮ್ಮ!’ ಎಂದಳು ಮಂಜುಳಾ.

ನಾನು ಇರಲಿಲ್ಲ ಎನ್ನಬೇಕಿತ್ತು. ಅದೊಂದು ಮಾತು ಹೇಳಿದ್ದರೆ ಆ ದಿನ ನಾನು ಪೂರ್ತಿ ನಿಜ ಹೇಳಿದಂತಾಗುತ್ತಿತ್ತು. ಆದರೆ ಆಕೆ ಮೊರವನ್ನು ಪಕ್ಕಕ್ಕೆ ಸರಿಸಿ, ಕೈ ಒರೆಸಿಕೊಂಡು, ಎರಡು ವರ್ಷದಲ್ಲಿ ಮೊದಲ ಸಲ ನನ್ನಿಂದ ನಿಜವಾದ ಮಾತೊಂದು ಸಿಗುತ್ತದೆ ಎಂಬಂತೆ ಕುಳಿತಿದ್ದರು. ಅವರ ಮನಸ್ಸಿಗೆ ನೆಮ್ಮದಿಯಾಗಲೆಂದು ನಾನು ಕಣ್ಣು ಮುಚ್ಚಿದೆ. ಒಂದು ಗಳಿಗೆ ಹಾಗಿದ್ದು, ತಲೆ ಆಡಿಸಿ, ಏನೂ ಕಾಣುತ್ತಿಲ್ಲ ತಾಯಿ ಎಂದುಬಿಡೋಣ ಅಂದುಕೊಂಡಿದ್ದೆ.

ಕಲ್ಲು ಕುಂಡೆಗೆ ತಣ್ಣಗೆ ತಾಗಿತು. ಹೆಗಲ ಮೇಲೆ ಒಂದು ಕೈಯ ಭಾರವಿತ್ತು. ಗೋಡೆಯ ಆಚೆಗೆ ಬರೀ ಮಂಜು ಎಂದುಕೊಂಡಿದ್ದೆನಲ್ಲ, ಅಲ್ಲಿ ಕುರಿಗಳು ಇಳಿದು ಸವೆದ ಕಾಲುದಾರಿ ಇತ್ತು. ಅದನ್ನು ನಾನು ಆ ದಿನ ನೋಡಿರಲಿಲ್ಲ. ಆಮೇಲೆ ಯಾವ ಫೋಟೊದಲ್ಲೂ ನೋಡಿಲ್ಲ.

‘ಗೋಡೆ ದಾಟಿ ಎಡಗಡೆ ಇಳಿದ್ವಿ,’ ಎಂದೆ. ನನ್ನ ದನಿ ನನಗೇ ಬೇರೆಯವರದೆನಿಸಿತು.

ಮಂಜುಳಾ ‘ಆ ಬೆಟ್ಟದ ಮ್ಯಾಪು...’ ಎಂದು ಗೊಣಗುತ್ತಾ ಮೊಬೈಲು ಒತ್ತುತ್ತಿದ್ದದ್ದು ಕೇಳಿಸಿತು. ‘ದಾರಿ ಇದೆ ಅಮ್ಮ,’ ಎಂದಳು ಮೆಲ್ಲಗೆ. ‘ಎಡಗಡೆ ಒಂದು ಕಾಲುದಾರಿ ಇದೆ.’

ನನಗೆ ವಿಪರೀತ ಭಯವಾಯಿತು. ಕಣ್ಣು ಬಿಟ್ಟರೆ ಆ ದಾರಿ ಹೋಗಿಬಿಡುತ್ತದೆ, ಬಿಡದಿದ್ದರೆ ಅದು ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ನಾನೂ ಹೋಗಬೇಕು. ಜಯಮ್ಮ ಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡ ಸದ್ದಾಯಿತು.

‘ಹೂಂ,’ ಎಂದರು. ‘ಆಮೇಕೆ?’